ಬಿದ್ದಾಗ ಮೊದಲು ಚಾವಿ, ಆಮೇಲೆ ನಾಚಿಕೆ

ಬಸ್ ಸ್ಟ್ಯಾಂಡಿನ ಎದುರು ಬೈಕ್ ಸಮೇತ ಬಿದ್ದವರನ್ನು ‘ಪೆಟ್ಟಾತೇನ್ರೀ?’ ಎಂದು ಕೇಳಿ ನೋಡಿ. ಪ್ರಶ್ನೆ ಮುಗಿಯುವ ಮೊದಲೇ ‘ಏನೂ ಆಗಿಲ್ಲ ಬಿಡ್ರಿ’ ಎಂಬ ಉತ್ತರ ಬಂದಿರುತ್ತದೆ. ಬಿದ್ದವರ ಕಣ್ಣು ತರಚಿದ ಮೊಣಕಾಲಿನ ಮೇಲಿರುವುದಿಲ್ಲ, ಚಹಾದಂಗಡಿಯ ಕಟ್ಟೆಯ ಮೇಲೆ ಯಾರ್ಯಾರು ಕೂತಿದ್ದಾರೆ ಎಂಬುದರ ಮೇಲಿರುತ್ತದೆ. ಧೂಳು ಝಾಡಿಸಿ, ಗಾಡಿಯನ್ನು ಒಂದೇ ಎಳೆತಕ್ಕೆ ಎಬ್ಬಿಸಿ, ನಾಲ್ಕು ಕಿಕ್ ಹೊಡೆದು, ಸೊಟ್ಟಗಾದ ಹ್ಯಾಂಡಲ್ಲಿನಲ್ಲೇ ಮಾಯ. ಸಂಜೆ ಮುಂಗೈ ಬಾತಾಗಲೋ, ಮುಂದಿನ ಹಂಪಿನಲ್ಲಿ ಬ್ರೇಕ್ ಹಿಡಿಯದೇ ಹೋದಾಗಲೋ ಏನಾಗಿತ್ತು ಎಂಬುದು ಗೊತ್ತಾಗುತ್ತದೆ. ಬೈಕಿನ ಮೇಲಾಗುವ ಫಜೀತಿಗಳಲ್ಲಿ ಮೊದಲನೆಯದು ಬಹುತೇಕ ಸಣ್ಣದೇ. ಅದನ್ನು ಮುಚ್ಚಿಕೊಳ್ಳುವ ಅವಸರದಲ್ಲಿ ಮಾಡಿಕೊಳ್ಳುವ ಎರಡನೆಯದು ದುಬಾರಿ.

ವಿಜಯಪುರ ಜಿಲ್ಲೆಯ ಕೊಲ್ಹಾರದ ಸುತ್ತಲಿನ ರಸ್ತೆಗಳು ಇಂಥ ಫಜೀತಿಗೆ ಬೇಕಾದ ಎಲ್ಲ ಸಾಮಗ್ರಿಯನ್ನೂ ಇಟ್ಟುಕೊಂಡಿವೆ. ಹಳೆಯ ಊರು ಆಲಮಟ್ಟಿ ಹಿನ್ನೀರಿಗೆ ಹೋಯಿತು. ಹೊಸ ಊರಿನ ಮಗ್ಗುಲಲ್ಲಿ ವಿಜಯಪುರ–ಹುಬ್ಬಳ್ಳಿ ಹೆದ್ದಾರಿ ಹಾದಿದೆ. ಮೊದಲು ಅದರ ನಂಬರು 218 ಇತ್ತು, ಈಗ 52. ಅದೇ ರಸ್ತೆ ಕಿಲೋಮೀಟರುಗಟ್ಟಲೆ ಉದ್ದದ ಸೇತುವೆ ಏರಿ, ಕೃಷ್ಣೆ ದಾಟಿ ಕೊರ್ತಿ ಕಡೆಗೆ ಇಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಕೂಡಗಿ ವಿದ್ಯುತ್ ಸ್ಥಾವರದ ಕಡೆಯ ಭಾರೀ ಲಾರಿಗಳು, ಇವುಗಳ ನಡುವೆ ಮೊಸರಿನ ಗಡಿಗೆ, ಮೇವಿನ ಹೊರೆ, ಪಂಪ್‌ಸೆಟ್ಟಿನ ಮೋಟಾರು, ಮನೆಮಂದಿ ಎಲ್ಲರನ್ನೂ ಹೊತ್ತ ಬೈಕುಗಳು. ಹೆದ್ದಾರಿಯಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಎರಿ ಹೊಲದ ದಾರಿ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಎಲ್ಲ ಕಡೆಯೂ ಸ್ವಲ್ಪ ಹೆಚ್ಚುಕಡಿಮೆ ಇದೇ ಚಿತ್ರ. ಆದ್ದರಿಂದ ಮುಂದಿನ ಮಾತುಗಳು ನಗರದ ಬೈಕ್ ಶೋಕಿಯವರಿಗಲ್ಲ, ದಿನಾ ಗಾಡಿ ಹೊಡೆಯುವವರಿಗೆ.

ನಿಂತಲ್ಲೇ ಬೀಳುವ ಗಾಡಿ

ಓಡುವ ಗಾಡಿಯಿಂದ ಬಿದ್ದರೆ ಜನ ಅಯ್ಯೋ ಅನ್ನುತ್ತಾರೆ. ನಿಂತ ಗಾಡಿಯಿಂದ ಬಿದ್ದರೆ ನಗುತ್ತಾರೆ. ಪೆಟ್ರೋಲ್ ಬಂಕಿನ ಸಾಲಿನಲ್ಲಿ, ಕಲ್ಯಾಣ ಮಂಟಪದ ಬಾಗಿಲಲ್ಲಿ, ಸಂತೆಯ ಸಂದಿಯಲ್ಲಿ ಗಾಡಿ ತಿರುಗಿಸಿಕೊಳ್ಳುವಾಗ ಆಗುವುದು ಇದೇ. ಚಕ್ರ ಉರುಳುತ್ತಿರುವಷ್ಟು ಹೊತ್ತು ಬೈಕ್ ತನ್ನಷ್ಟಕ್ಕೆ ನೆಟ್ಟಗಿರುತ್ತದೆ. ನಿಂತ ಗಳಿಗೆಯಿಂದ ಅದರ ಹೊಣೆಯೆಲ್ಲ ನಮ್ಮ ಒಂದು ಕಾಲಿನದು. ಸ್ಪ್ಲೆಂಡರ್ ತೂಕ ಸುಮಾರು 110 ಕಿಲೋ, ಬುಲೆಟ್ 190 ದಾಟುತ್ತದೆ. ಒಂದು ಹದ ಮೀರಿ ವಾಲಿದ ಮೇಲೆ ಅದನ್ನು ಪೈಲ್ವಾನನೂ ಹಿಡಿದು ನಿಲ್ಲಿಸಲಾರ.

ಇದಕ್ಕೆ ಹೆಚ್ಚಿನ ಸಲ ಕಾರಣ ಮುಂದಿನ ಬ್ರೇಕ್. ಹ್ಯಾಂಡಲ್ ಪೂರ್ತಿ ಒಂದು ಬದಿಗೆ ತಿರುಗಿದೆ, ವೇಗ ನಡಿಗೆಯಷ್ಟಿದೆ, ಎದುರಿಗೆ ಎಮ್ಮೆ ಬಂತೆಂದು ಬಲಗೈ ಬ್ರೇಕ್ ಒತ್ತಿತು. ಗಾಡಿ ತಿರುಗಿದ ಬದಿಗೇ ಧೊಪ್ಪೆಂದು ಒರಗುತ್ತದೆ. ಓಡುವಾಗ ಮುಂದಿನ ಬ್ರೇಕೇ ದೊಡ್ಡ ಆಧಾರ ನಿಜ. ಆದರೆ ನಡಿಗೆ ವೇಗದಲ್ಲಿ ತಿರುಗುವಾಗ ಕಾಲಿನ ಬ್ರೇಕ್ ಮಾತ್ರ ಬಳಸಿ, ಕ್ಲಚ್ಚನ್ನು ಅರ್ಧ ಹಿಡಿದು ಸಾಗಿಸಿ. ನಿಲ್ಲಿಸುವ ಮೊದಲು ಹ್ಯಾಂಡಲ್ ನೆಟ್ಟಗೆ ಮಾಡಿಕೊಳ್ಳಿ. ಕಾಲೂರುವ ಜಾಗದಲ್ಲಿ ಖಡಿ ಇದೆಯೋ, ತಗ್ಗಿದೆಯೋ ಎಂದು ಚಕ್ರ ನಿಲ್ಲುವ ಮುಂಚೆಯೇ ನೋಡಿ. ಗಿಡ್ಡ ಕಾಲಿನವರು ರಸ್ತೆಯ ಅಂಚಿನ ಇಳಿಜಾರಿನಲ್ಲಿ ನಿಲ್ಲಿಸಿದರೆ ಕಾಲಿಗೆ ನೆಲವೇ ಸಿಗದೆ ಬೀಳುವುದುಂಟು. ಡಾಂಬರಿನ ಮೇಲೆಯೇ ನಿಲ್ಲಿಸಿ, ಆಮೇಲೆ ಇಳಿದು ಗಾಡಿಯನ್ನು ಕೆಳಗೆ ತಳ್ಳಿಕೊಂಡು ಹೋದರೆ ಮರ್ಯಾದೆಗೆ ಕುಂದಿಲ್ಲ.

ಕೈಮೀರಿ ವಾಲಿತೇ, ಹಿಡಿಯಲು ಹೋಗಬೇಡಿ. ಕಾಲು ಆಚೆ ತೆಗೆದು ಬಿಟ್ಟುಬಿಡಿ. ಇಂಡಿಕೇಟರ್, ಕನ್ನಡಿ ಮತ್ತೆ ಸಿಗುತ್ತವೆ. ಗಾಡಿಗೂ ನೆಲಕ್ಕೂ ನಡುವೆ ಸಿಕ್ಕ ಕಣಕಾಲು ತಿಂಗಳುಗಟ್ಟಲೆ ಮಲಗಿಸುತ್ತದೆ.

ಇನ್ನೊಬ್ಬರ ಗಾಡಿ ಕಡ ತಂದವರ ಫಜೀತಿ ಬೇರೆ ಬಗೆ. ಸ್ಪ್ಲೆಂಡರಿನಲ್ಲಿ ಎಲ್ಲ ಗೇರೂ ಮುಂದಕ್ಕೇ ಒತ್ತಬೇಕು. ಪಲ್ಸರಿನಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ. ಅಭ್ಯಾಸಬಲದಿಂದ ಒತ್ತಿದರೆ ಮೂರನೆಯ ಗೇರು ಬೀಳಬೇಕಾದಲ್ಲಿ ಒಂದನೆಯದು ಬಿದ್ದು ಗಾಡಿ ಜಗ್ಗಿ, ಹಿಂದೆ ಕೂತವರ ಹಣೆ ನಿಮ್ಮ ಬೆನ್ನಿಗೆ ಬಡಿಯುತ್ತದೆ. ಹಳೆಯ ಬುಲೆಟ್ಟಿನದು ಇನ್ನೂ ವಿಚಿತ್ರ: ಗೇರು ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಮದುವೆ ಮೆರವಣಿಗೆಗೆಂದು ಅಂಥದೊಂದನ್ನು ತಂದು, ಬ್ರೇಕೆಂದು ಗೇರು ಒತ್ತಿ, ಬ್ಯಾಂಡ್‌ನವರ ನಡುವೆ ನುಗ್ಗಿದರೆ ಆ ಕತೆ ವರನ ಹೆಸರಿಗಿಂತ ಹೆಚ್ಚು ದಿನ ಊರಲ್ಲಿ ಉಳಿಯುತ್ತದೆ. ಬೇರೆಯವರ ಗಾಡಿ ಹತ್ತುವ ಮುಂಚೆ ‘ಗೇರ್ ಹ್ಯಾಂಗ ಬೀಳ್ತಾವೋ?’ ಎಂದು ಕೇಳಿ. ಓಣಿಯಲ್ಲೇ ಒಂದು ಸುತ್ತು ಹಾಕಿ, ಬ್ರೇಕ್ ಎಷ್ಟು ಒತ್ತಿದರೆ ಹಿಡಿಯುತ್ತದೆ ಎಂದು ನೋಡಿಕೊಳ್ಳಿ.

‘ಸ್ಟ್ಯಾಂಡ್ರೀ... ಸ್ಟ್ಯಾಂಡ್!’

ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟವರನ್ನು ನಮ್ಮ ಕಡೆ ಊರಿಗೆ ಊರೇ ಕೂಗಿ ಎಚ್ಚರಿಸುತ್ತದೆ. ಹಾಲು ಹಾಕುವ ಹುಡುಗನಿಂದ ಹಿಡಿದು ಬಸ್ ಕಿಟಕಿಯ ಅಜ್ಜಿಯವರೆಗೆ ಎಲ್ಲರೂ ಕೈ ಮಾಡುತ್ತಾರೆ. ಇದೊಂದು ಒಳ್ಳೆಯ ರೂಢಿ, ನಗಬಾರದು. ಚಾಚಿಕೊಂಡ ಸ್ಟ್ಯಾಂಡು ನೇರ ರಸ್ತೆಯಲ್ಲಿ ಏನೂ ಮಾಡುವುದಿಲ್ಲ. ಎಡಕ್ಕೆ ವಾಲಿ ತಿರುಗಿದಾಗ ಅದು ನೆಲಕ್ಕೆ ತಾಗಿ, ಗಾಡಿಯನ್ನು ಮೀಟಿ ಹಿಂದಿನ ಚಕ್ರವನ್ನೇ ಎತ್ತಿಬಿಡುತ್ತದೆ. ಈಚಿನ ಎಷ್ಟೋ ಗಾಡಿಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ ಅಥವಾ ಗೇರು ಹಾಕಿದೊಡನೆ ನಿಲ್ಲುತ್ತದೆ. ಹಳೆಯ ಗಾಡಿಗಳಿಗೆ ಊರ ಜನರ ಗಂಟಲೇ ಗತಿ. ಯಾರಾದರೂ ಕೂಗಿದರೆ ಓಡಿಸುತ್ತಲೇ ಕೆಳಗೆ ಬಗ್ಗಿ ನೋಡಬೇಡಿ. ನಿಲ್ಲಿಸಿ, ಎತ್ತಿ, ಹೊರಡಿ.

ಇದರ ತಮ್ಮನಂಥ ಇನ್ನೊಂದು ಸಂಜ್ಞೆ ಇದೆ. ಎದುರಿನಿಂದ ಬರುವವರು ಬೆರಳುಗಳನ್ನು ಮುಚ್ಚಿ ತೆರೆದು, ‘ಲೈಟ್ ಹತ್ತ್ಯಾವ ನೋಡ್ರಿ’ ಎಂದು ತೋರಿಸುವುದು. 2017ರ ಏಪ್ರಿಲ್‌ನಿಂದ ಬಂದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟು ತಾನೇ ಉರಿಯಬೇಕೆಂಬ ನಿಯಮವಿದೆ. ಆರಿಸುವ ಸ್ವಿಚ್ಚೇ ಇಲ್ಲ. ಹೊಸ ಗಾಡಿ ಕೊಂಡವರು ಈ ಕೈಸನ್ನೆಗೆ ಗಾಬರಿಯಾಗಿ ರಸ್ತೆ ನಡುವೆ ಸ್ವಿಚ್ಚು ಹುಡುಕುತ್ತ ತಗ್ಗಿಗೆ ಇಳಿದದ್ದುಂಟು. ಲೈಟಿನ ಸನ್ನೆಗೆ ಒಂದು ನಗೆ ಸಾಕು. ಸ್ಟ್ಯಾಂಡಿನ ಸನ್ನೆಗೆ ಮಾತ್ರ ಗಾಡಿ ನಿಲ್ಲಲೇಬೇಕು. ಆರಿಸದೇ ಬಿಟ್ಟ ಇಂಡಿಕೇಟರ್ ಬಗ್ಗೆ ಯಾರೂ ಸನ್ನೆ ಮಾಡುವುದಿಲ್ಲ ಎಂಬುದು ವಿಚಿತ್ರ. ನಿಜವಾಗಿ ಹೆಚ್ಚು ಅಪಾಯ ಅದರದೇ. ನೀವು ಬಲಕ್ಕೆ ಹೊರಳುತ್ತೀರಿ ಎಂದು ಎಣಿಸಿ ಹಿಂದಿನವನು ಎಡದಿಂದ ನುಗ್ಗುತ್ತಾನೆ. ಹೆಚ್ಚಿನ ಬೈಕುಗಳ ಇಂಡಿಕೇಟರ್ ಕಾರಿನದರಂತೆ ತಾನಾಗಿ ಆರುವುದಿಲ್ಲ.

ನಿಲ್ಲಿಸಿದ ಗಾಡಿಯೂ ಮಾನ ಕಳೆಯುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ಡಾಂಬರು ಮೆತ್ತಗಾಗಿ ಸೈಡ್ ಸ್ಟ್ಯಾಂಡ್ ನಿಧಾನಕ್ಕೆ ಒಳಗಿಳಿಯುತ್ತದೆ. ಮಳೆಗಾಲದಲ್ಲಿ ಹೊಲದ ಬದುವಿನಲ್ಲೂ ಅದೇ. ನೀವು ಒಳಗೆ ಚಹಾ ಕುಡಿಯುತ್ತಿರುವಾಗ ಹೊರಗೆ ಗಾಡಿ ಅಡ್ಡಾಗಿರುತ್ತದೆ. ಜಾತ್ರೆಯಲ್ಲಿ ಸಾಲಾಗಿ ನಿಲ್ಲಿಸಿದ್ದರಂತೂ ಒಂದು ಬಿದ್ದು ಸಾಲೆಲ್ಲ ಮಲಗುತ್ತದೆ, ಬೈಗುಳಕ್ಕೆ ಗುರಿಯಾಗುವವರು ಮೊದಲ ಗಾಡಿಯವರು. ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲೊಂದನ್ನು ಕೊಡಿ. ಇಳಿಜಾರಿನಲ್ಲಿ ಒಂದನೇ ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿಡಿ. ಭಾರವಿದ್ದರೆ ಡಬಲ್ ಸ್ಟ್ಯಾಂಡೇ ಸರಿ. ಹೊರಡುವಾಗ ಗೇರಿನಲ್ಲಿದೆ ಎಂಬುದನ್ನು ಮರೆತು ಕಿಕ್ ಹೊಡೆದರೆ ಗಾಡಿ ಕಪ್ಪೆ ಹಾರಿದಂತೆ ಹಾರುತ್ತದೆ, ಆದ್ದರಿಂದ ಹಸಿರು ದೀಪ ನೋಡಿಯೇ ಕಿಕ್ಕಿಗೆ ಕಾಲಿಡಿ.

ಸ್ಟಾರ್ಟ್ ಆಗದ ಗಾಡಿ, ಸುತ್ತ ನಿಂತ ತಜ್ಞರು

ಕಿಕ್ ಹೊಡೆದು ಬೆವರಿಳಿಯುವ ಹೊತ್ತಿಗೆ ನಾಲ್ಕು ಜನ ಸೇರಿ ಆರು ಸಲಹೆ ಕೊಡುತ್ತಾರೆ. ಒಬ್ಬರು ಪ್ಲಗ್ ಬಿಚ್ಚು ಎನ್ನುತ್ತಾರೆ, ಮತ್ತೊಬ್ಬರು ತಳ್ಳು ಎನ್ನುತ್ತಾರೆ. ತಳ್ಳುವುದಕ್ಕೂ ಬಿಚ್ಚುವುದಕ್ಕೂ ಮೊದಲು ನೋಡಬೇಕಾದವು ಬಹಳ ಸರಳ. ಚಾವಿ ಆನ್ ಇದೆಯೇ? ಬಲ ಹೆಬ್ಬೆರಳಿನ ಹತ್ತಿರದ ಕೆಂಪು ಕಿಲ್ ಸ್ವಿಚ್ ಇರುವ ಗಾಡಿಯಾದರೆ ಅದನ್ನು ಯಾರಾದರೂ ಒತ್ತಿದ್ದಾರೆಯೇ? ನಿಲ್ಲಿಸಿದ ಗಾಡಿಯ ಮೇಲೆ ಹತ್ತಿ ‘ಡುರ್ರ್’ ಅನ್ನುವ ಓಣಿಯ ಹುಡುಗರಿಗೆ ಆ ಸ್ವಿಚ್ಚೆಂದರೆ ಪ್ರಾಣ. ಸ್ಟ್ಯಾಂಡ್ ಎತ್ತಿದೆಯೇ, ಕ್ಲಚ್ ಹಿಡಿದಿದ್ದೀರಾ, ಗಾಡಿ ನ್ಯೂಟ್ರಲ್‌ನಲ್ಲಿದೆಯೇ, ಹಳೆಯ ಗಾಡಿಯಾದರೆ ಪೆಟ್ರೋಲ್ ಕಾಕ್ ತೆರೆದಿದೆಯೇ? ಪ್ಲಗ್ಗಿನ ಟೋಪಿ ಕಳಚಿಕೊಂಡಿದೆಯೇ? ಇಷ್ಟರಲ್ಲಿ ಬಹುಪಾಲು ಗಾಡಿಗಳು ಮಾತಾಡುತ್ತವೆ.

2020ರ ಏಪ್ರಿಲ್‌ನಲ್ಲಿ ಬಿಎಸ್–6 ನಿಯಮ ಜಾರಿಗೆ ಬಂದ ಮೇಲೆ ಬಹುಪಾಲು ಸಾಮಾನ್ಯ ಬೈಕುಗಳಲ್ಲೂ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಇದರಿಂದ ಒಂದು ಹೊಸ ಫಜೀತಿ ಹುಟ್ಟಿದೆ, ಇದನ್ನು ಎಷ್ಟೋ ಮಂದಿಗೆ ಶೋರೂಮಿನಲ್ಲಿ ಹೇಳಿರುವುದಿಲ್ಲ. ಇಂಥ ಹಲವು ಗಾಡಿಗಳಲ್ಲಿ ವಾಲಿದ್ದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಗಾಡಿ ಅಡ್ಡಬಿದ್ದರೆ ಅದು ಪೆಟ್ರೋಲನ್ನೂ ಕಿಡಿಯನ್ನೂ ನಿಲ್ಲಿಸುತ್ತದೆ. ಎತ್ತಿ ನಿಲ್ಲಿಸಿ ಎಷ್ಟು ಕಿಕ್ ಹೊಡೆದರೂ ಹೂಂ ಅನ್ನುವುದಿಲ್ಲ. ಚಾವಿ ಪೂರ್ತಿ ಆಫ್ ಮಾಡಿ, ತುಸು ತಡೆದು ಮತ್ತೆ ಆನ್ ಮಾಡಬೇಕು, ಅಷ್ಟೆ. ಕಾರ್ಬುರೇಟರಿನ ಹಳೆಯ ಗಾಡಿ ಬಿದ್ದೆದ್ದ ಮೇಲೆ ಹಟ ಹಿಡಿದರೆ ಕಾರಣ ಬೇರೆ. ಒಳಗೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ತೊಯ್ದಿರುತ್ತದೆ. ಚೋಕ್ ತೆಗೆದು, ಎಕ್ಸಲೇಟರ್ ಪೂರ್ತಿ ತಿರುವಿ ಹಿಡಿದು ಕಿಕ್ ಹೊಡೆದರೆ ಗಾಳಿಯಾಡಿ ಹತ್ತಿಕೊಳ್ಳುತ್ತದೆ.

ಪೆಟ್ರೋಲ್ ಮುಗಿಯುವುದಂತೂ ಸೇತುವೆಯ ನಟ್ಟನಡುವೆಯೇ. ಕಾಕ್ ಇದ್ದ ಗಾಡಿಗಳಲ್ಲಿ ರಿಸರ್ವಿಗೆ ಹಾಕಿ, ಬಂಕಿನಲ್ಲಿ ತುಂಬಿಸಿದ ಮೇಲೆ ಮತ್ತೆ ಆನ್‌ಗೆ ತಿರುಗಿಸಲು ಮರೆಯುತ್ತಾರೆ; ಮುಂದಿನ ಸಲ ರಿಸರ್ವ್ ಎಂಬುದೇ ಉಳಿದಿರುವುದಿಲ್ಲ. ಗಾಡಿಯನ್ನು ಎಡಕ್ಕೆ ಅಡ್ಡ ಮಾಡಿ ಅಲುಗಾಡಿಸಿದರೆ ಒಂದೆರಡು ಕಿಲೋಮೀಟರ್ ಓಡುತ್ತದೆ ಎಂಬುದು ಸುಳ್ಳಲ್ಲ. ಟ್ಯಾಂಕಿನ ಅಡಿ ಚಾಸಿಯ ಪೈಪು ಹಾದಿರುವುದರಿಂದ ತಳದಲ್ಲಿ ಎರಡು ಕುಳಿ ಇರುತ್ತವೆ. ಬಲಗುಳಿಯಲ್ಲಿ ನಿಂತದ್ದು ಕಾಕ್ ಇರುವ ಎಡಕ್ಕೆ ಬರುತ್ತದೆ. ಟ್ಯಾಂಕಿಗೆ ಬಾಯಿ ಹಚ್ಚಿ ಊದುವುದು, ಕಡ್ಡಿ ಗೀರಿ ಒಳಗೆ ಇಣುಕುವುದು ಮಾತ್ರ ಬೇಡವೇ ಬೇಡ. ಇಂಜೆಕ್ಷನ್ ಗಾಡಿಯಲ್ಲಿ ರಿಸರ್ವ್ ಕಾಕ್ ಇರುವುದಿಲ್ಲ. ಟ್ಯಾಂಕಿನೊಳಗಿನ ಪಂಪು ತಣ್ಣಗಿರುವುದೇ ಪೆಟ್ರೋಲಿನಿಂದ. ಮುಳ್ಳು ಕೆಳಗಿಳಿದ ಮೇಲೂ ಓಡಿಸುತ್ತಲೇ ಇದ್ದರೆ ನೂರು ರೂಪಾಯಿ ಪೆಟ್ರೋಲಿನ ಉಳಿತಾಯ ಸಾವಿರಗಟ್ಟಲೆಯ ಪಂಪಿಗೆ ಕೈಹಾಕುತ್ತದೆ.

ಇನ್ನೊಂದು ಮಾತು, ಸಂತೆ ದಿನದ್ದು. ಕರಿ ಸ್ಪ್ಲೆಂಡರ್ ಎಂದರೆ ಸಾಲಿನಲ್ಲಿ ಹತ್ತು ನಿಂತಿರುತ್ತವೆ. ವರ್ಷಗಟ್ಟಲೆ ಬಳಸಿ ಸವೆದ ಚಾವಿ, ಸವೆದ ಲಾಕು. ಒಂದರ ಚಾವಿ ಇನ್ನೊಂದಕ್ಕೆ ಸಲೀಸಾಗಿ ಹೊರಳುವುದುಂಟು. ಚೀಲ ಸಿಕ್ಕಿಸಿ, ಕಿಕ್ ಹೊಡೆದು ಊರು ಸೇರಿದ ಮೇಲೆ ಮನೆಯಾಕೆ ‘ಇದು ಯಾರ ಗಾಡಿರೀ?’ ಎಂದಾಗಲೇ ತಿಳಿಯುವುದು. ಅಷ್ಟರಲ್ಲಿ ಅತ್ತ ಗಾಡಿಯ ಯಜಮಾನರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿರುತ್ತಾರೆ. ಹ್ಯಾಂಡಲ್ಲಿಗೆ ಗುರುತಿನ ಬಣ್ಣದ ದಾರವಾದರೂ ಕಟ್ಟಿ, ಹೊರಡುವ ಮುಂಚೆ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ನೋಡಿ. ಸವೆದ ಲಾಕ್ ಸೆಟ್ ಬದಲಿಸುವ ಖರ್ಚು ಠಾಣೆಯಲ್ಲಿ ವಿವರಣೆ ಕೊಡುವ ಕಷ್ಟಕ್ಕಿಂತ ಕಡಿಮೆ. ಹಾಗೆ ತಂದದ್ದು ಗೊತ್ತಾದರೆ ಬೆಳಗಾಗಲಿ ಎನ್ನದೆ ಅದೇ ಗಳಿಗೆ ಸಂತೆಗೆ ಮರಳಿ, ಇಲ್ಲವೇ ಠಾಣೆಗೆ ಫೋನ್ ಮಾಡಿ.

ಹಿಂದೆ ಕೂತವರು

ಹೆಂಡತಿಯನ್ನು ಬಂಕಿನಲ್ಲೇ ಬಿಟ್ಟು, ದಾರಿಯುದ್ದಕ್ಕೂ ಅವಳ ಜೊತೆ ಮಾತಾಡುತ್ತ ಊರು ಮುಟ್ಟಿದ ಗಂಡನ ಕತೆ ಇಲ್ಲದ ಊರಿಲ್ಲ. ಕೆಲವು ಕಟ್ಟುಕತೆ, ಆದರೆ ಎಲ್ಲವೂ ಅಲ್ಲ. ಇಳಿದವರು ಹತ್ತುವ ಮುನ್ನ ಗಾಡಿ ಜಗ್ಗಿದರೆ ಆಗುವುದು ಎರಡೇ: ಅವರು ನೆಲದ ಮೇಲೆ ಉಳಿಯುತ್ತಾರೆ, ಇಲ್ಲವೇ ಅರ್ಧ ಹತ್ತಿ ಬೀಳುತ್ತಾರೆ. ಮೊದಲನೆಯದು ನಗೆ, ಎರಡನೆಯದು ಸೊಂಟದ ಮೂಳೆ. ಹಿಂದೆ ಕೂತವರು ಬಾಯಿಬಿಟ್ಟು ‘ಹೂಂ, ನಡೀರಿ’ ಎನ್ನುವವರೆಗೆ ಕ್ಲಚ್ ಬಿಡಬಾರದು ಎಂಬ ಒಪ್ಪಂದ ಮನೆಯೊಳಗೇ ಆಗಿರಲಿ.

ಸೀರೆಯ ಸೆರಗು, ಓಡಣಿ, ಅಜ್ಜನ ಧೋತರದ ಚುಂಗು, ಕೊರಳಿನ ಟವೆಲ್, ಇವು ಚಕ್ರಕ್ಕೋ ಚೈನಿಗೋ ಸಿಕ್ಕರೆ ಅದು ನಗುವ ಸಂಗತಿಯಲ್ಲ. ಕೊರಳಿಗೆ ಸುತ್ತಿದ ಓಡಣಿ ಬಿಗಿದು ಪ್ರಾಣವೇ ಹೋಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದ ಪ್ರಕಾರ ಪ್ರತಿ ಬೈಕಿಗೆ ಹಿಂಬದಿಯವರಿಗೆ ಹಿಡಿಕೆ, ಕಾಲಿಡುವ ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಲೇಬೇಕು. ನಾವು ‘ಸೀರೆ ಗಾರ್ಡ್’ ಎನ್ನುವುದು ಇದನ್ನೇ. ಗಾಡಿ ಚಂದ ಕಾಣಲೆಂದು ಮೊದಲ ವಾರವೇ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕುವ ಹುಡುಗರಿಗೆ ಅವರ ಅವ್ವನೇ ಬುದ್ಧಿ ಹೇಳಬೇಕು, ಏಕೆಂದರೆ ನಾಳೆ ಒಂದೇ ಬದಿಗೆ ಕಾಲಿಟ್ಟು ಹಿಂದೆ ಕೂರುವವಳು ಅವಳೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಓಡಣಿಯ ಎರಡೂ ತುದಿ ಮುಂದೆ ಗಂಟು ಹಾಕಿ ಕೂರಬೇಕು. ಎಡಗಡೆಯಿಂದಲೇ ಹತ್ತಿ ಇಳಿಯುವ ರೂಢಿ ಮಕ್ಕಳಿಗೂ ಇರಲಿ, ಸೈಲೆನ್ಸರ್ ಇರುವುದು ಬಲಗಡೆ. ಸೈಲೆನ್ಸರ್ ತಾಗಿ ಸುಟ್ಟರೆ ಆ ಜಾಗಕ್ಕೆ ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಬೇಕು. ಪೇಸ್ಟ್, ಅರಿಸಿನ, ಮಸಿ ಯಾವುದೂ ಬೇಡ.

ಕೊಲ್ಹಾರದ ಮೊಸರಿಗೆ ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಎಂಬ ಹೆಸರಿದೆ. ಆ ಹೆಸರನ್ನು ನಂಬಿ ಗಡಿಗೆಯನ್ನು ಹ್ಯಾಂಡಲ್ಲಿಗೆ ತೂಗುಹಾಕಬೇಡಿ. ಮೊಸರು ಗಟ್ಟಿ, ಮಣ್ಣಿನ ಗಡಿಗೆಯಲ್ಲ. ತೂಗಾಡುವ ಚೀಲ ಹ್ಯಾಂಡಲ್ಲನ್ನು ತಿರುವಿನಲ್ಲಿ ತನ್ನ ಕಡೆಗೆ ಎಳೆಯುತ್ತದೆ, ಮೊಣಕಾಲಿಗೂ ಟ್ಯಾಂಕಿಗೂ ನಡುವೆ ಸಿಕ್ಕು ತಿರುಗದಂತೆ ತಡೆಯುತ್ತದೆ. ಬುಟ್ಟಿಯಲ್ಲಿ ಹುಲ್ಲು ಹಾಸಿ, ಬುಟ್ಟಿಯನ್ನು ಹಿಂದಿನ ಕ್ಯಾರಿಯರಿಗೆ ರಬ್ಬರ್ ಪಟ್ಟಿಯಿಂದ ಕಟ್ಟಿ. ಎಳ್ಳ ಅಮಾವಾಸ್ಯೆಯ ದಿನ ಚರಗದ ಬುಟ್ಟಿ ಹೊತ್ತು ಹೊಲಕ್ಕೆ ಹೋಗುವವರಿಗೂ ಇದೇ ಮಾತು. ಸಜ್ಜಿ ಕಡುಬು ದಾರಿಯಲ್ಲೇ ಭೂತಾಯಿಗೆ ಸಲ್ಲಬಾರದು.

ಎರಿಮಣ್ಣು, ರಾಶಿ, ಗಾಳಿ

ಮಳೆಯಾದ ಮರುದಿನದ ಎರಿ ದಾರಿಯಲ್ಲಿ ಬೈಕ್ ಸ್ಟ್ಯಾಂಡ್ ಇಲ್ಲದೆಯೇ ನಿಲ್ಲುವ ಪವಾಡ ನೋಡಬಹುದು. ಇಳಿದು ಕೈಬಿಟ್ಟರೂ ಬೀಳುವುದಿಲ್ಲ. ಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ಕೊನೆಗೆ ಒಂದು ಸುತ್ತೂ ತಿರುಗದಷ್ಟು ಗಚ್ಚಾಗುತ್ತದೆ. ಆಗ ಎಕ್ಸಲೇಟರ್ ತಿರುವುವುದು ದೊಡ್ಡ ತಪ್ಪು. ಚಕ್ರ ಅಲ್ಲೇ ಇರುತ್ತದೆ, ಒಳಗೆ ಕ್ಲಚ್ ಪ್ಲೇಟ್ ಸುಡುತ್ತದೆ. ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಕೋಲಿನಿಂದ ಮಣ್ಣು ಕೆದಕಿ ತೆಗೆಯಬೇಕು. ತೊಗರಿ ಕಟ್ಟಿಗೆ ದಾರಿಯಲ್ಲೇ ಸಿಗುತ್ತದೆ, ಬೆರಳು ಹಾಕಬೇಡಿ. ಮಣ್ಣು ಹಸಿಯಿರುವಾಗ ಗಾಲಿಜಾಡು ಬಿಟ್ಟು ಹುಲ್ಲಿರುವ ಅಂಚಿನಲ್ಲಿ ಸಾಗಿದರೆ ಅಂಟು ಕಡಿಮೆ. ಇನ್ನೂ ಜಾಣತನವೆಂದರೆ ಡಾಂಬರಿನ ಹತ್ತಿರ ಪರಿಚಯದವರ ಮನೆ ಮುಂದೆ ಗಾಡಿ ನಿಲ್ಲಿಸಿ ನಡೆದುಹೋಗುವುದು. ಹೊಲದಿಂದ ಡಾಂಬರಿಗೆ ಬಂದ ಮೇಲೆ ಟೈರಿನಲ್ಲಿ ಉಳಿದ ಮಣ್ಣು ಉದುರುವವರೆಗೆ ತಿರುವಿನಲ್ಲಿ ಗಾಡಿ ವಾಲಿಸಬೇಡಿ. ಒದ್ದೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಸಾಗಿ ಒಣಗಿಸಿಕೊಳ್ಳಿ.

ಸುಗ್ಗಿಯಲ್ಲಿ ರಸ್ತೆಯೇ ಕಣ. ಗೋವಿನಜೋಳ ಒಣಗಲು ಹರವಿರುತ್ತಾರೆ, ತೊಗರಿ, ಸಜ್ಜೆಯ ಸೊಪ್ಪೆಯನ್ನು ವಾಹನಗಳು ತುಳಿಯಲೆಂದು ಹಾಸಿರುತ್ತಾರೆ. ಕಾಳಿನ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ, ಬ್ರೇಕ್ ಮುಟ್ಟಿದ್ದೇ ತಡ ಗಾಡಿ ಜಾರುತ್ತದೆ. ಸೊಪ್ಪೆಯ ಎಳೆಗಳು ಚಕ್ರದ ಹಬ್ಬಿಗೂ ಚೈನಿಗೂ ಸುತ್ತಿಕೊಳ್ಳುತ್ತವೆ, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವುದೂ ಉಂಟು. ರಾಶಿ ಬರುವ ಮೊದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ, ನೇರ ದಾಟಿ. ದಾಟಿದ ಮೇಲೆ ನಿಂತು ಚಕ್ರ ನೋಡಿಕೊಳ್ಳಿ. ರೈತರಿಗೂ ಒಂದು ಮಾತು ಹೇಳಲೇಬೇಕು: ರಾಶಿಯ ಅಂಚಿಗೆ ಇಟ್ಟ ಕಲ್ಲುಗಳನ್ನು ಸಂಜೆ ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ಕತ್ತಲಲ್ಲಿ ಆ ಕಲ್ಲಿಗೆ ಬಡಿಯುವವನು ನಿಮ್ಮ ಅಳಿಯನೂ ಆಗಿರಬಹುದು.

ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಹೋಗುವಾಗ ಹಾರ್ನ್ ಮೇಲೆ ಭರವಸೆ ಇಡಬೇಡಿ. ಡ್ರೈವರ್ ಹಾಕಿರುವ ಹಾಡಿನ ಅಬ್ಬರಕ್ಕೆ ಅವರ ಎಂಜಿನ್ ಸದ್ದೇ ಅವರಿಗೆ ಕೇಳುವುದಿಲ್ಲ. ರಾತ್ರಿ ಎಷ್ಟೋ ಟ್ರೇಲರಿಗೆ ಹಿಂದಿನ ದೀಪವೂ ಇರುವುದಿಲ್ಲ, ಹೊರಚಾಚಿದ ಕಬ್ಬು ನೇರ ಮುಖದ ಮಟ್ಟಕ್ಕೆ ಬರುತ್ತದೆ.

ಸೇತುವೆಯ ಮೇಲಿನ ಗಾಳಿಯದು ಪ್ರತ್ಯೇಕ ಅಧ್ಯಾಯ. ಎರಡೂ ಬದಿ ಬಯಲು ಹಿನ್ನೀರು, ತಡೆಗೆ ಒಂದು ಗಿಡವಿಲ್ಲ. ಅಡ್ಡಗಾಳಿ ಬೀಸಿದಾಗ ಮೊದಲು ಹಾರುವುದು ಟೋಪಿ, ಆಮೇಲೆ ಟವೆಲ್, ಅದನ್ನು ಹಿಡಿಯಲು ಹ್ಯಾಂಡಲ್ ಬಿಟ್ಟವರು ಮೂರನೆಯವರು. ಹಾರಿದ್ದು ಹಾರಲಿ. ಲಾರಿ ಎದುರಾದಾಗ ಅದರ ಮೈ ಒಂದು ಕ್ಷಣ ಗಾಳಿ ತಡೆದು, ದಾಟಿದೊಡನೆ ಗಾಳಿ ಮತ್ತೆ ಹೊಡೆಯುತ್ತದೆ. ಗಾಡಿ ಅಲುಗುವುದು ಆ ಗಳಿಗೆಯಲ್ಲೇ. ವೇಗ ಇಳಿಸಿ, ಮೊಣಕಾಲುಗಳಿಂದ ಟ್ಯಾಂಕ್ ಒತ್ತಿ ಹಿಡಿದು, ಕೈ ಸಡಿಲವಾಗಿಡಿ. ಬಿಗಿಹಿಡಿದ ಕೈ ಪ್ರತಿ ಗಾಳಿಯನ್ನೂ ಹ್ಯಾಂಡಲ್ಲಿಗೆ ದಾಟಿಸುತ್ತದೆ. ತಗಡು, ಗಾದಿ, ಅಡ್ಡ ಹಿಡಿದ ಪೈಪು, ಅಗಲದ ಮೇವಿನ ಹೊರೆ ಇವುಗಳನ್ನು ಗಾಳಿಯ ದಿನ ಬೈಕಿನ ಮೇಲೆ ಸೇತುವೆ ದಾಟಿಸುವುದೆಂದರೆ ಹಾಯಿ ಕಟ್ಟಿಕೊಂಡು ಹೊರಟ ಹಾಗೆಯೇ, ಟಂಟಂ ಮಾಡಿಕೊಳ್ಳಿ. ಸೆಲ್ಫಿಗೆಂದು ಸೇತುವೆಯ ಮೇಲೆ ಗಾಡಿ ನಿಲ್ಲಿಸುವವರ ಬಗ್ಗೆ ಹೇಳಲು ನನ್ನಲ್ಲಿ ಒಳ್ಳೆಯ ಮಾತಿಲ್ಲ.

ಬಿದ್ದ ಮೇಲೆ

ಇಷ್ಟೆಲ್ಲ ಎಚ್ಚರದ ನಂತರವೂ ಒಂದು ದಿನ ಎಲ್ಲರೂ ಬೀಳುತ್ತಾರೆ. ಆಗ ಮೊದಲ ಕೆಲಸ ಚಾವಿ ಆಫ್ ಮಾಡುವುದು. ಅಡ್ಡಬಿದ್ದ ಗಾಡಿಯ ಹಿಂಚಕ್ರ ತಿರುಗುತ್ತಿರಬಹುದು, ಪೆಟ್ರೋಲ್ ಸೋರುತ್ತಿರಬಹುದು, ಪಕ್ಕದಲ್ಲಿ ಬೀಡಿ ಹಚ್ಚಿದವರೂ ನಿಂತಿರಬಹುದು. ಚಾವಿ ಆಫ್, ಕಾಕ್ ಇದ್ದರೆ ಅದೂ ಬಂದ್. ಎರಡನೆಯದು, ರಸ್ತೆಯಿಂದ ನೀವು ಆಚೆ ಬರುವುದು, ಹಿಂದಿನ ವಾಹನಗಳಿಗೆ ಯಾರಾದರೂ ಕೈ ತೋರುವುದು. ಮೂರನೆಯದು, ನಿಮ್ಮ ಮೈ. ಬಿದ್ದ ಗಾಬರಿಯಲ್ಲಿ ನೋವು ತಕ್ಷಣ ಗೊತ್ತಾಗುವುದಿಲ್ಲ. ಬೆರಳು ಮಡಚಿ, ಮುಂಗೈ ತಿರುವಿ, ಕುತ್ತಿಗೆ ನೋಯದಿದ್ದರೆ ಮಾತ್ರ ಮೆಲ್ಲಗೆ ಹೊರಳಿಸಿ ನೋಡಿ. ಕೈಯೂರಿ ಬಿದ್ದವರಿಗೆ ಮುಂಗೈ ಮೂಳೆ ಬಿರುಕು ಬಿಡುವುದು ಸಾಮಾನ್ಯ, ಸಂಜೆಗೆ ಬಾವು ಬಂದರೆ ಎಕ್ಸ್‌ರೇ ಮಾಡಿಸಿ, ಎಣ್ಣೆ ತಿಕ್ಕಿ ಎಳೆಸಿಕೊಳ್ಳಬೇಡಿ. ತಲೆಗೆ ಪೆಟ್ಟಾಗಿ ವಾಂತಿ, ತಲೆಸುತ್ತು, ಮಂಪರು, ಹೇಗೆ ಬಿದ್ದೆ ಎಂಬುದೇ ನೆನಪಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ತರಚು ಗಾಯವನ್ನು ಸಾಬೂನು, ಶುದ್ಧ ನೀರಿನಲ್ಲಿ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲು ಒಮ್ಮೆ ಅಮುಕಿದರೆ ಮತ್ತೆ ಏಳುವುದಿಲ್ಲ, ಐಎಸ್‌ಐ ಗುರುತಿನ ಹೊಸದನ್ನೇ ಕೊಳ್ಳಬೇಕು.

ನಾಲ್ಕನೆಯದು ಗಾಡಿ ಎತ್ತುವುದು. ಸೊಂಟ ಬಗ್ಗಿಸಿ ಜಗ್ಗಿದರೆ ಬೆನ್ನು ಹಿಡಿಯುತ್ತದೆ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಕುಂಡಿ ತಾಗುವಂತೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಹೆಜ್ಜೆಯಿಡುತ್ತ ಏಳಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ, ಇಲ್ಲದಿದ್ದರೆ ಎದ್ದ ಗಾಡಿ ಇನ್ನೊಂದು ಬದಿಗೆ ಹೋಗಿ ಮತ್ತೊಮ್ಮೆ ಮಲಗುತ್ತದೆ. ಆಗ ಕಟ್ಟೆಯ ಮೇಲಿನ ನಗೆಗೆ ಯಾರೂ ಅಡ್ಡ ಬರಲಾರರು.

ಎತ್ತಿದ ಮೇಲೆ ಕೂಡಲೇ ಕಿಕ್ ಹೊಡೆಯಬೇಡಿ. ಪೆಟ್ರೋಲ್ ವಾಸನೆ ಹೋಗುವವರೆಗೆ ತಡೆಯಿರಿ. ಅಷ್ಟರಲ್ಲಿ ಎರಡೂ ಬ್ರೇಕ್ ಹಿಡಿಯುತ್ತವೆಯೇ, ಕ್ಲಚ್ ಲಿವರ್ ಮುರಿದಿದೆಯೇ, ಎಕ್ಸಲೇಟರ್ ತಿರುವಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರುತ್ತದೆಯೇ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ, ಬಾಗಿದ ಫುಟ್‌ರೆಸ್ಟ್ ಬ್ರೇಕ್ ಪೆಡಲನ್ನು ಒತ್ತುತ್ತಿದೆಯೇ ಎಂದು ನೋಡಿ. ಹ್ಯಾಂಡಲ್ ಸೊಟ್ಟಗಿದ್ದರೆ ಗ್ಯಾರೇಜಿನವರೆಗೆ ತಳ್ಳಿಕೊಂಡೇ ಹೋಗಿ.

ಬಿದ್ದವನು ಹದಿನೆಂಟು ತುಂಬದ ಹುಡುಗನಾಗಿದ್ದರೆ ಲೆಕ್ಕ ಬೇರೆ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಪಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ‘ಸಾಲಿಗೆ ಅಷ್ಟ ಹೋಗ್ತಾನ್ರಿ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕೊನೆಯ ಮಾತು ಕಟ್ಟೆಯ ಮೇಲೆ ಕೂತವರಿಗೆ. ನಗುವುದಾದರೆ ನಗಿ, ಆದರೆ ಎದ್ದು ಬಂದು ನಗಿ. ಒಬ್ಬರು ರಸ್ತೆಯಲ್ಲಿ ನಿಂತು ವಾಹನ ತಡೆಯಲಿ, ಒಬ್ಬರು ಗಾಡಿ ಹಿಡಿಯಲಿ, ಒಬ್ಬರು ಬಿದ್ದವರನ್ನು ನೆರಳಿಗೆ ಕೂರಿಸಿ ನೀರು ಕೊಡಲಿ. ಪೆಟ್ಟು ಜೋರಿದ್ದರೆ ಎಳೆದಾಡಬೇಡಿ, ನೀರೂ ಕುಡಿಸಬೇಡಿ, 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ಗಾಯಾಳುವಿಗೆ ನೆರವಾದವರನ್ನು ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಕಾಯ್ದೆಯ 134ಎ ಕಲಮು ಮತ್ತು 2020ರ ನಿಯಮಗಳು ಆ ರಕ್ಷಣೆ ಕೊಟ್ಟಿವೆ.